ಎರಡು ಸೂತ

ದೂರದ ವಸ್ತುವನ್ನು ಹತ್ತಿರ ತಂದು ತೋರಿಸುವ ಯಂತ್ರವೊಂದು ನನ್ನ ಕೈಯಲ್ಲಿ ಕೆಟ್ಟಿತು. ಆ ಕಥೆಯನ್ನು ಇಲ್ಲಿ ಹೇಳಿ ಹಗುರಾಗಬೇಕೆಂದಿದ್ದೇನೆ. ಓದುಗ ಮಿತ್ರರು ನಕ್ಕರೆ ಅಡ್ಡಿಯಿಲ್ಲ.

ನಮ್ಮ ಗುರುಗಳೊಬ್ಬರು ಹಕ್ಕಿ ನೋಡಲೆಂದು ತಮ್ಮ ಸ್ವಂತ ಸ್ಪಾಟಿಂಗ್ ಸ್ಕೋಪನ್ನೇ ವಿದ್ಯಾರ್ಥಿಗಳ ಕೈಗೆ ಕೊಡುವ ಉದಾರಿಗಳು. ಕಳೆದ ಡಿಸೆಂಬರಿನಲ್ಲಿ ಭೂತನಾಳ ಕೆರೆಗೆ ಹೊರಟಾಗ, ಅದನ್ನು ಟ್ರೈಪಾಡಿಗೆ ಬಿಗಿಯುವ ತಿರುಪನ್ನು ನಾನು ಕಳೆದುಕೊಂಡೆ. ಅಂಗಡಿಯಿಂದ ಆರು ಮಿಲಿಮೀಟರಿನ ಬೋಲ್ಟು ತಂದೆ. ಎರಡು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿಯಿತು. ಬಲ ಹಾಕಿದೆ. ಸ್ಕೋಪಿನ ಅಲ್ಯುಮಿನಿಯಮ್ ಪಾದದೊಳಗಿನ ಹಲ್ಲುಗಳೆಲ್ಲ ಪುಡಿಯಾಗಿ ಉದುರಿದವು. ಅರವತ್ತು ಪಟ್ಟು ಹಿಗ್ಗಿಸುವ ಗಾಜು ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ; ಕೆರೆಯ ಬಾತುಗಳೆಲ್ಲ ಭೂಕಂಪಕ್ಕೆ ಸಿಕ್ಕಂತೆ ಕಂಡವು.

ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗುವುದಿತ್ತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿದೆ. ಅಷ್ಟರೊಳಗೆ ಗುರುಗಳಿಗೆ ತಿಳಿಯದಂತೆ ಸ್ಕೋಪು ಸರಿಯಾಗಬೇಕಿತ್ತು.

ನಾಲ್ಕನೆಯ ಇಯತ್ತೆಯವರೆಗೆ ಓದಿದ ನಮ್ಮ ತಂದೆ ಸ್ಟೇಷನ್ ರಸ್ತೆಯ ಒಂದು ಲೇಥ್ ಅಂಗಡಿಯಲ್ಲಿ ದುಡಿಯುತ್ತಾರೆ. ಗೆಳೆಯರೊಡನೆ ಗೋಳಗುಮ್ಮಟದ ಕಡೆ ಹೋಗುವಾಗ ನಾನು ರಸ್ತೆಯ ಆಚೆ ಮಗ್ಗುಲಿಗೆ ಸರಿದು ನಡೆದದ್ದುಂಟು. ಎಣ್ಣೆಮಯ ಅಂಗಿಯವರು ‘ತಮ್ಮಾ’ ಎಂದು ಕೂಗಿಯಾರೆಂಬ ಅಳುಕು! ಈಗ ಬೇರೆ ದಾರಿ ಇರಲಿಲ್ಲ.

ತಂದೆ ಪಾದವನ್ನು ಹೆಬ್ಬೆರಳಿಂದ ಸವರಿದರು. “ಇದು ಎರಡ ಸೂತಿಂದು. ಇದರಾಗ ಆರು ಎಮ್ಮೆಮ್ಮಿಂದು ತುರುಕಿದವ ಯಾಂವ?”

ನಾನು ಸುಮ್ಮನಿದ್ದೆ.

“ಸಾಲಿ ಕಲತಾಂವನ ಇರಬೇಕು,” ಎಂದು ತಾವೇ ಉತ್ತರಿಸಿಕೊಂಡರು.

ಇಂಚಿನ ಎಂಟನೆಯ ಒಂದು ಪಾಲು ಒಂದು ಸೂತ. ಎರಡು ಸೂತವೆಂದರೆ ಕಾಲು ಇಂಚು, ಅಂದರೆ 6.35 ಮಿಲಿಮೀಟರು, ಇಂಚಿಗೆ 20 ಹಲ್ಲು. ನಾನು ತಂದ ಬೋಲ್ಟಿಗೋ ಮಿಲಿಮೀಟರಿಗೊಂದು ಹಲ್ಲು. 1956ರ ಕಾಯಿದೆಯಿಂದ ನಮ್ಮ ದೇಶ ಮೆಟ್ರಿಕ್ ಪದ್ಧತಿಗೆ ತಿರುಗಿದರೂ ಕ್ಯಾಮೆರಾದ ಟ್ರೈಪಾಡುಗಳು ಇಂಚನ್ನು ಬಿಟ್ಟಿಲ್ಲ. ನಮ್ಮ ತಂದೆ ಸೂತವನ್ನು ಬಿಟ್ಟಿಲ್ಲ.

ಲೋಹದ ಚೂರು ಗಾಜಿಗೆ ತಾಗಬಾರದೆಂದು ಪಾದವನ್ನು ಕೊಳವೆಯಿಂದ ಬಿಡಿಸಿದರು. ತೂತನ್ನು ಎರಡೂವರೆ ಸೂತಕ್ಕೆ ಕೊರೆದು, ಮೂರು ಸೂತಿನ ಟ್ಯಾಪು ಹಾಕಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಹೊಸ ಹಲ್ಲು ಕೊಯ್ದರು. ಹಿತ್ತಾಳೆಯ ಸರಳಿನಿಂದ ಒಂದು ಬುಶ್ ಮಾಡಿ, ಹೊರಗೆ ಮೂರು ಸೂತಿನ, ಒಳಗೆ ಎರಡು ಸೂತಿನ ಹಲ್ಲು ತೆಗೆದು, ಅಂಟು ಸವರಿ ಕೂಡಿಸಿದರು.

“ಸರ್‌ಗೆ ಹೇಳೀಯೇನು?”

“ಗೊತ್ತಾಗೂದಿಲ್ಲಪ್ಪಾ.”

“ಹಿತ್ತಾಳಿ ಹಳದಿ ಕಾಣತೈತಿ. ಹೇಳು.”

ಮರುದಿನ ಹೇಳಿದೆ. ಗುರುಗಳು ಆ ಹಳದಿ ಬಳೆಯನ್ನು ಬಹಳ ಹೊತ್ತು ನೋಡಿ, “ಯಾರು ಮಾಡಿದ್ದು?” ಎಂದರು.

“ನಮ್ಮ ತಂದೆ.”

ಅಂಗಡಿ ಎಲ್ಲಿ ಎಂದು ಕೇಳಿದರು. ಸಂಜೆ ಅವರನ್ನು ಕರೆದುಕೊಂಡು ಸ್ಟೇಷನ್ ರಸ್ತೆಗೆ ಹೋದೆ, ಈ ಸಲ ಅಂಗಡಿಯ ಮಗ್ಗುಲಿನಿಂದಲೇ. ತಂದೆ ಕೈಯೊರಸಿಕೊಂಡು ಎದ್ದು ನಿಂತರು. ಗುರುಗಳು ಅವರನ್ನು ಕೂಡಿಸಿ ತಾವೂ ಕುಳಿತರು.

ಮಾಗಡಿಯಲ್ಲಿ ಹೆಬ್ಬಾತಿನ ತಲೆಯ ಎರಡು ಕರಿಪಟ್ಟೆಗಳನ್ನು ಕಣ್ತುಂಬ ಕಂಡು ಬಂದೆ. ಮನೆಯಲ್ಲಿ ಅದನ್ನೆಲ್ಲ ವರ್ಣಿಸುತ್ತಿದ್ದರೆ ತಂದೆ ಕೇಳಿದ್ದು ಒಂದೇ ಮಾತು: “ಅಳ್ಳಾಡಲಿಲ್ಲ, ಹೌದಿಲ್ಲೊ?”