ಯಾವ ತಪ್ಪಿಗೆ ರದ್ದು?

ಗಣಕಯಂತ್ರಗಳಿಗೆ ಪ್ರೋಗ್ರಾಮು ಬರೆಯುವುದು ನನ್ನ ಉದ್ಯೋಗ. ಕಿರಿಯ ಸಹೋದ್ಯೋಗಿಗಳು ಮೇಲಿಂದ ಮೇಲೆ ನನ್ನನ್ನು ಕೇಳುವ ಪ್ರಶ್ನೆಯೊಂದುಂಟು: ಕೆಲಸದ ನಡುವೆ ತಪ್ಪೊಂದು ತಲೆದೋರಿದರೆ, ಅದುವರೆಗೆ ಬರೆದುದನ್ನೆಲ್ಲ ಅಳಿಸಬೇಕೇ, ಉಳಿಸಬೇಕೇ?

ಡೇಟಾಬೇಸಿನಲ್ಲಿ ಒಟ್ಟಾಗಿಯೇ ನಡೆಯಬೇಕಾದ ಬರಹಗಳ ಕಟ್ಟಿಗೆ ಟ್ರಾನ್ಸಾಕ್ಷನ್ ಎಂದು ಹೆಸರು. ಒಬ್ಬರ ಖಾತೆಯಿಂದ 500 ರೂಪಾಯಿ ಕಳೆದು ಇನ್ನೊಬ್ಬರ ಖಾತೆಗೆ ಕೂಡಿಸುವುದು ಎರಡು ಬರಹಗಳಾದರೂ ಒಂದೇ ಕಾರ್ಯ. ಕೂಡಿಸುವಾಗ ತಪ್ಪಾದರೆ ಕಳೆದುದೂ ರದ್ದಾಗಬೇಕು. ಇಲ್ಲವಾದರೆ ಹಣವು ನಡುದಾರಿಯಲ್ಲಿ ಮಾಯವಾದಂತೆಯೇ ಸರಿ. ಈ ಅಖಂಡತೆಯ ತತ್ತ್ವವನ್ನು ಜಿಮ್ ಗ್ರೇ ಎಂಬ ವಿದ್ವಾಂಸರು 1981ರಲ್ಲಿ ವಿಶದಪಡಿಸಿದರು.

ಆದರೆ ಹಣ ಸಂದ ಬಳಿಕ ಗ್ರಾಹಕರಿಗೆ ಸಂದೇಶ ಹೋಗಲಿಲ್ಲವೆಂದು ಹಣವನ್ನೇ ಹಿಂದೆಗೆಯುವುದು ನ್ಯಾಯವೇ? ಲಗ್ನಪತ್ರಿಕೆ ತಲುಪಲಿಲ್ಲವೆಂದು ಮದುವೆಯನ್ನು ಯಾರೂ ಮುರಿಯರು. ಸಂದೇಶವನ್ನು ಮರಳಿ ಕಳುಹಿಸಿದರಾಯಿತು. ತಪ್ಪು ಪಾಸ್‌ವರ್ಡ್ ಕೊಟ್ಟವನಿಗೆ ಪ್ರವೇಶವನ್ನು ನಿರಾಕರಿಸಬೇಕು, ನಿಜ. ಆದರೆ ಅವನ ಯತ್ನದ ಲೆಕ್ಕವನ್ನೂ ಅಳಿಸಿದರೆ ಕಳ್ಳನು ಎಷ್ಟು ಸಲವಾದರೂ ಯತ್ನಿಸಿಯಾನು!

ಸಾಧನಗಳು ಈ ವಿವೇಚನೆಯನ್ನು ತಾವಾಗಿ ಮಾಡಲಾರವು. ಜಾವಾ ಭಾಷೆಯ ಸ್ಪ್ರಿಂಗ್ ಎಂಬ ಸಾಧನವು, ನಾವು ಬೇರೆ ಹೇಳದಿದ್ದರೆ, ಅಘೋಷಿತ ತಪ್ಪುಗಳಿಗೆ ಎಲ್ಲವನ್ನೂ ರದ್ದುಮಾಡುತ್ತದೆ. ಮುಂಚಿತವಾಗಿ ಘೋಷಿಸಿಟ್ಟ ತಪ್ಪು ಬಂದರೆ ಬರೆದಷ್ಟನ್ನೂ ಸ್ಥಿರಗೊಳಿಸುತ್ತದೆ. ಹಣ ಕಳೆದ ಮೇಲೆ, 'ಪಡೆಯುವವರ ಖಾತೆ ಮುಚ್ಚಿದೆ' ಎಂಬ ಘೋಷಿತ ತಪ್ಪು ಎದುರಾದರೆ, ಅರ್ಧ ಕಾರ್ಯವೇ ಶಾಶ್ವತವಾದೀತು.

ಆದಕಾರಣ ನಾನು ಕೊಡುವ ಉತ್ತರವಿಷ್ಟೆ: ತಪ್ಪಿನ ಹೆಸರನ್ನು ನೋಡಿ ತೀರ್ಮಾನಿಸಬಾರದು. ಇಲ್ಲಿಗೇ ನಿಂತರೆ ಪುಸ್ತಕದಲ್ಲಿ ಉಳಿಯುವ ಲೆಕ್ಕ ನಿಜವೇ ಎಂದು ನೋಡಬೇಕು. ನಿಜವಾದರೆ ಇರಲಿ, ಸುಳ್ಳಾದರೆ ಪೂರ್ತಿಯಾಗಿ ಅಳಿಯಲಿ.