ಅಂಗನವಾಡಿ ಆಫೀಸಿನ ದಾರಿ

ಜನವರಿಯ ಚಳಿಯಲ್ಲಿ ಹೊಲದ ಬದುವಿನ ಮೇಲೆ ಬೆಂಕಿ ಹಾಕಿ ಹಸಿಕಡ್ಲಿ ಸುಡುತ್ತ ಕೂತರೆ ಮಾತು ಎಲ್ಲೆಲ್ಲೋ ಸುತ್ತಾಡಿ ಕಡೆಗೆ ನಮ್ಮ ಓಣಿಯ ಆ ಹುಡುಗಿಯ ಹತ್ತಿರ ಬಂದು ನಿಲ್ಲುತ್ತದೆ. "ನೀವ ಅಲ್ಲೇ ಇದ್ರೆಲ್ಲಾ, ಹೇಳ್ರಿ" ಅನ್ನುತ್ತಾರೆ. ಇದ್ದೆ. ಹೇಳುತ್ತೇನೆ. ಆದರೆ ಆಕೆಯ ಹೆಸರು ಬೇಡ, ಗಂಡನ ಊರಿನ ಹೆಸರೂ ಬೇಡ. ಬೇರೆ ತಾಲ್ಲೂಕು ಅಂದರೆ ಸಾಕು.

2020ರ ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ರಾತ್ರಿ ಕಡೇ ಬಸ್ಸಿಗೆ ಹುಲಕೋಟಿಯಲ್ಲಿ ಇಳಿದಳು. ಬಗಲಲ್ಲಿ ನಿದ್ದೆಗಣ್ಣಿನ ಮಗಳು, ಕೈಯಲ್ಲಿ ಒಂದು ವಾಯರ್ ಬುಟ್ಟಿ. ಮುಖದ ತುಂಬ ಸೆರಗು ಸುತ್ತಿಕೊಂಡಿದ್ದಳು, ಚಳಿಗೆ ಇರಬೇಕು ಅಂದುಕೊಂಡೆವು. ಒಳಗೆ ಬಂದು ಸೆರಗು ಸರಿಸಿದಾಗ ನೋಡಿದರೆ ಎಡಗಣ್ಣು ಬಾತು ಮುಚ್ಚಿಹೋಗಿತ್ತು. ಕಾಕು, ಅಂದರೆ ಆಕೆಯ ಅವ್ವ, ಬಾಗಿಲು ಹಾಕಿ ಬಂದು "ಏನಾತವ್ವಾ" ಅಂದಳು. "ಬಚ್ಚಲದಾಗ ಜಾರಿ ಬಿದ್ನಿ." ಮಗಳು ತಾಯಿಯ ಮುಖವನ್ನೇ ನೋಡುತ್ತಿತ್ತು.

ಮರುದಿನ ಗದಗಿನ ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿದ್ದ ಸಿಸ್ಟರ್ ನನ್ನೊಬ್ಬಳನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿ, ಕುಪ್ಪಸದ ಹಿಂದಿನ ಅಂಚು ಸ್ವಲ್ಪ ಜಗ್ಗಿ ನೋಡಿ, ದನಿ ಏರಿಸದೆ ಹೇಳಿದರು: "ಬಚ್ಚಲದಾಗ ಬಿದ್ದವ್ರ ಬೆನ್ನಿಗೆ ಬೆಲ್ಟಿನ ಬರೆ ಏಳೂದಿಲ್ಲ ತಂಗಿ. ಖರೇ ಹೇಳು, ಖರೇನ ಬರೀತೀವಿ." ಆಗ ಅತ್ತಳು. ಅವತ್ತು ಬರೆದ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸಿನ) ಚೀಟಿಯೇ ಮುಂದೆ ಎಲ್ಲಕ್ಕೂ ತಳಪಾಯವಾಯಿತು. ಹೊಡೆತ ತಿಂದವರು ದವಾಖಾನೆಯಲ್ಲಿ "ಬಿದ್ದೆ" ಅಂದುಬಿಟ್ಟರೆ ಮುಂದೆ ಕೋರ್ಟಿನಲ್ಲಿ ಎದುರಿನ ವಕೀಲ ಮೊದಲು ಹಿಡಿಯುವುದೇ ಆ ಮಾತನ್ನು.

ನಮ್ಮೂರು ಸಹಕಾರಕ್ಕೆ ಹೆಸರಾದ ಊರು. 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಇಲ್ಲೇ ಮಗ್ಗುಲಲ್ಲಿದೆ. ಕೆ.ಎಚ್. ಪಾಟೀಲರ ಕಾಲದಿಂದ ನೂಲಿನ ಗಿರಣಿ, ದವಾಖಾನೆ, ಕೃಷಿ ವಿಜ್ಞಾನ ಕೇಂದ್ರ ಅಂತ ಒಂದೊಂದೇ ಬಂದವು. ಹತ್ತಿಗೊಂದು ಸೊಸೈಟಿ, ಸಾಲಕ್ಕೊಂದು ಸೊಸೈಟಿ. ಬಡಿಸಿಕೊಂಡು ಬಂದ ಮಗಳಿಗೆ ಮಾತ್ರ ಯಾವ ಬಾಗಿಲು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಹಿರಿಯರು ಕಟ್ಟೆ ಮೇಲೆ ಕೂತು, ಅಳಿಯನನ್ನು ಕರೆಸಿ ಬುದ್ಧಿ ಹೇಳಿ ಕಳಿಸೋಣ ಅಂದರು. ಹಿಂದೆಯೂ ಹಾಗೇ ಕಳಿಸಿದ್ದರು. ಕಳಿಸಿದ ಪ್ರತಿ ಸಲವೂ ಪೆಟ್ಟು ಹೆಚ್ಚಿತ್ತು.

ಕಾಕಾ, ಅಂದರೆ ಆಕೆಯ ಅಪ್ಪ, ಈ ಸಲ ಒಪ್ಪಲಿಲ್ಲ. ಗಂಡನ ಊರಿನ ಕಡೆಯ ಠಾಣೆಗೆ ಹೋದರೆ, "ಗಂಡ ಹೆಂಡಿರ ಜಗಳ ಉಂಡು ಮಲಗೂತನಕ, ಕೂತು ಬಗಿಹರಿಸ್ಕೊಳ್ರಿ" ಅಂದರು. ಅಡಿಗೆಮನೆಗೆ ಕೀಲಿ ಜಡಿದು ಉಣ್ಣಲಿಕ್ಕೇ ಕೊಡದ ಮನೆಗೆ ಈ ಗಾದೆ ಹೇಗೆ ಹೊಂದುತ್ತದೋ ನನಗಂತೂ ತಿಳಿಯಲಿಲ್ಲ. ಈ ಕಡೆಯ ಠಾಣೆಗೆ ಬಂದರೆ, "ಘಟನಾ ಆಗಿದ್ದು ಅಲ್ಲಿ, ಅಲ್ಲೇ ಕೊಡ್ರಿ." ಎರಡು ಊರಿನ ನಡುವೆ ಬಸ್ ಚಾರ್ಜು ಖರ್ಚಾಗಿದ್ದಷ್ಟೇ ಬಂತು.

ಗದಗಿನ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಆಫೀಸು ಇದೆ ಅಂತ ಹೇಳಿದ್ದು ಝೆರಾಕ್ಸ್ ಅಂಗಡಿಯ ಹುಡುಗ. ಕಾಕಾ ಮೆಟ್ಟಿಲ ಮೇಲೇ ನಿಂತುಬಿಟ್ಟರು. "ಬಡವರಿಗಂತ ಇಟ್ಟಿದ್ದು, ನಮಗ ಹೊಲಾ ಐತಿ, ನಾವ್ಯಾಕ ಪುಕ್ಕಟೆ ತಗೋಬೇಕು?" ಒಳಗಿದ್ದ ವಕೀಲೆ ನಕ್ಕರು. 1987ರ ಕಾನೂನಿನಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ, ಹೊಲ ಎಷ್ಟಿದ್ದರೂ ಸರಕಾರವೇ ವಕೀಲರನ್ನು ಕೊಡುತ್ತದೆ ಅಂದರು. ಠಾಣೆಯ ಕಥೆ ಕೇಳಿ, "ಇಬ್ಬರೂ ಹೇಳಿದ್ದು ತಪ್ಪು" ಅಂದರು. ಹೊಡೆತ ತಾಳದೆ ತವರಿಗೆ ಬಂದವಳು ತವರಿನಲ್ಲೇ ಗಂಡನ ಮನೆಯ ಕ್ರೌರ್ಯದ 498ಎ ದೂರು ಕೊಡಬಹುದು ಅಂತ ಸುಪ್ರೀಂ ಕೋರ್ಟು 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿಯಾಗಿತ್ತು. ಮೈ ಮೇಲಿನ ಗಾಯದ ಜೊತೆ ಮನಸ್ಸಿನ ಗಾಯವೂ ತವರಿನವರೆಗೆ ಬರುತ್ತದೆ ಅನ್ನುವುದು ಆ ತೀರ್ಪಿನ ತರ್ಕ. (ಆ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. 2024ರ ಜುಲೈ 1ರಿಂದ ನಂಬರು ಬದಲಾಯಿತು, ಅಪರಾಧ ಅದೇ.)

ಅಲ್ಲಿಯತನಕ ಸುಮ್ಮನಿದ್ದ ಆಕೆ ಆಗ ಬಾಯಿಬಿಟ್ಟಳು. "ಮೇಡಂ, ಅವ್ರನ್ನ ಜೈಲಿಗೆ ಹಾಕೂದು ಬ್ಯಾಡ್ರಿ. ಬಡಿಯೂದು ನಿಂದ್ರಬೇಕು, ಅಷ್ಟ."

ಹೆಣ್ಣುಮಕ್ಕಳು ಸಾಮಾನ್ಯವಾಗಿ ಕೇಳುವುದು ಇಷ್ಟೇ. ಊರವರಿಗೆ ಗೊತ್ತಿರುವುದು ಮಾತ್ರ ಎರಡೇ: ಪೊಲೀಸ್ ಕೇಸು, ಇಲ್ಲವೇ ಬಾಯಿಮುಚ್ಚಿಕೊಂಡು ಬಾಳ್ವೆ. ಇವೆರಡರ ನಡುವೆ ಇನ್ನೊಂದು ದಾರಿ ಮಾಡಿದ್ದೇ 2005ರ ಕೌಟುಂಬಿಕ ಹಿಂಸೆ ಕಾನೂನು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಮೊದಲಿಗೆ ಯಾರನ್ನೂ ಹಿಡಿಯುವುದಿಲ್ಲ. ಹೊಡೆಯಬೇಡ, ಹತ್ತಿರ ಬರಬೇಡ, ಖರ್ಚಿಗೆ ಕೊಡು, ಆಕೆಯ ಒಡವೆ ವಾಪಸ್ ಕೊಡು ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡುತ್ತಾರೆ. ಆ ರಕ್ಷಣಾ ಆದೇಶ ಮುರಿದರೆ ಆಗ ಅಪರಾಧ: ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಣ್ಣುಮಗಳು ತಾತ್ಪೂರ್ತಿಕವಾಗಿ ಎಲ್ಲಿ ಉಳಿದಿದ್ದಾಳೋ ಅಲ್ಲಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

"ಅರ್ಜಿ ನಾನ ಹಾಕ್ತೀನಿ, ಮೊದ್ಲ ಸಿಡಿಪಿಒ ಆಫೀಸಿಗೆ ಹೋಗಿ ಡಿಐಆರ್, ಅಂದ್ರ ಕೌಟುಂಬಿಕ ಘಟನಾ ವರದಿ, ಬರೆಸ್ಕೊಂಡ ಬರ್ರಿ" ಅಂದರು ವಕೀಲೆ. ಕಾಕು ಕಣ್ಣರಳಿಸಿದಳು. "ಅಂಗನವಾಡಿ ಆಫೀಸಿಗಾ? ತತ್ತಿ, ಪುಡಿ ಕೊಡೂ ಆಫೀಸಿಗಾ?" ಹೌದು. ಕರ್ನಾಟಕದಲ್ಲಿ ಈ ಕಾನೂನಿನ ಸಂರಕ್ಷಣಾಧಿಕಾರಿ ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಪ್ರತಿ ಓಣಿಯಲ್ಲೂ ಅಂಗನವಾಡಿ ಇದೆ, ಬಸುರಿ ಬಾಣಂತಿಯರು ದಿನವೂ ಹೋಗಿಬರುತ್ತಾರೆ. ಅದರ ಮೇಲಿನ ಆಫೀಸಿನಲ್ಲಿ ಇಂಥದೊಂದು ಅಧಿಕಾರ ಇದೆ ಅಂತ ಗೋಡೆಯ ಮೇಲೆ ನಾಲ್ಕು ಸಾಲು ಬರೆಸಿದರೆ ಏನು ಗಂಟು ಹೋಗುತ್ತದೋ ಕಾಣೆ.

ಆ ಫಾರ್ಮು ತುಂಬಿದ ಮಧ್ಯಾಹ್ನ ನನಗೆ ಕಣ್ಣಿಗೆ ಕಟ್ಟಿದಂತಿದೆ. ಕಡತಗಳ ನಡುವೆ ಪೌಷ್ಟಿಕ ಆಹಾರದ ಚೀಲಗಳ ವಾಸನೆ. ಅಧಿಕಾರಿ ಒಂದೊಂದೇ ಸಾಲು ಓದಿ ಪೆನ್ನು ಎತ್ತಿ ಹಿಡಿಯುತ್ತಿದ್ದರು. ಹೊಡೆಯುವುದು, ಒದೆಯುವುದು, ಕಚ್ಚುವುದು, ನೂಕುವುದು. ಆಕೆ ತಲೆ ಆಡಿಸುತ್ತಿದ್ದಳು, ಅವರು ಗುರುತು ಮಾಡುತ್ತಿದ್ದರು. ಆಮೇಲೆ ಬೈಗುಳದ ಭಾಗ ಬಂತು. ಗಂಡು ಹಡೆಯಲಿಲ್ಲ ಅಂತ ಹಂಗಿಸುವುದು. ಕಾಕು ಗೋಡೆಗೆ ಒರಗಿದವಳು ನೆಟ್ಟಗಾದಳು. ವರದಕ್ಷಿಣೆ ತರಲಿಲ್ಲ ಅಂತ ಅಪಮಾನ ಮಾಡುವುದು. ಸಾಯುತ್ತೇನೆ ಅಂತ ಹೆದರಿಸುವುದು. "ಅದನ್ನೂ ಮಾಡ್ತಾರ್ರಿ, ಕುಡದಾಗೊಮ್ಮೆ" ಅಂದಳು ಹುಡುಗಿ. ಆಮೇಲೆ ತಾನೇ ಕೇಳಿದಳು: "ಅಡಗಿಮನಿಗೆ ಕೀಲಿ ಹಾಕೂದು ಐತೇನ್ರಿ ಅದ್ರಾಗ?" ಅಧಿಕಾರಿ ಬೆರಳಿಟ್ಟು ತೋರಿಸಿದರು. ಮನೆಯ ಯಾವುದೇ ಭಾಗವನ್ನು ಬಳಸದಂತೆ ತಡೆಯುವುದು. ಇದೆ. ಊಟ, ಬಟ್ಟೆ, ಔಷಧಕ್ಕೆ ದುಡ್ಡು ಕೊಡದಿರುವುದು. ಅದೂ ಇದೆ.

ದಾರಿಯಲ್ಲಿ ಕಾಕು ಬಸ್ಸಿನಲ್ಲಿ ಸುಮ್ಮನೆ ಕೂತಿದ್ದಳು. ಅಸುಂಡಿ ದಾಟಿದ ಮೇಲೆ ನನ್ನ ಕಿವಿಯಲ್ಲಿ, "ನಮ್ಮತ್ತಿ ನನಗ ಕೀಲಿ ಹಾಕ್ತಿದ್ಲು, ಅದು ಅಪರಾಧ ಅಂತ ಯಾರಿಗೆ ಗೊತ್ತಿತ್ತು" ಅಂದಳು.

ಫೆಬ್ರುವರಿ ಕೊನೆಗೆ ಮಧ್ಯಂತರ ಆದೇಶ ಸಿಕ್ಕಿತು. ಹೊಡೆಯಕೂಡದು, ತವರುಮನೆಯ ಹತ್ತಿರ ಸುಳಿಯಕೂಡದು, ತಿಂಗಳಿಗಿಷ್ಟು ಖರ್ಚು ಕೊಡಬೇಕು. ಆದೇಶದ ಪ್ರತಿ ಪುಕ್ಕಟೆ, ಒಂದು ಪ್ರತಿ ಠಾಣೆಗೂ ಹೋಗುತ್ತದೆ. ಗಂಡನ ಮನೆಯಲ್ಲಿ ಇರುವ ಹಕ್ಕು ಮಾತ್ರ ಸಿಗಲಿಲ್ಲ. ಮನೆ ಅತ್ತೆಯ ಹೆಸರಿನಲ್ಲಿತ್ತು. ಬಾತ್ರಾ ಪ್ರಕರಣದ ತೀರ್ಪು ಅಂತ ಒಂದು 2006ರಿಂದ ಅಡ್ಡ ನಿಂತಿತ್ತು. ಅತ್ತೆಯ ಸ್ವಂತ ಮನೆಯ ಮೇಲೆ ಸೊಸೆಗೆ ವಾಸದ ಹಕ್ಕಿಲ್ಲ ಅಂತ ಅದರ ಅರ್ಥ.

ಯುಗಾದಿ ಅಮಾವಾಸ್ಯೆ, ಮಾರ್ಚ್ 24. ಮರುದಿನದಿಂದ ದೇಶಕ್ಕೇ ಬೀಗ ಅಂತ ಟಿವಿಯಲ್ಲಿ ಹೇಳುತ್ತಿದ್ದ ರಾತ್ರಿ. ಅಳಿಯ ಬೈಕಿನ ಮೇಲೆ ಹೊಲದ ದಾರಿ ಹಿಡಿದು ಬಂದು ಓಣಿಯಲ್ಲಿ ನಿಂತು ಕೂಗಲು ಶುರು ಮಾಡಿದ. 112ಕ್ಕೆ ಫೋನು ಮಾಡಿದೆವು. ರಸ್ತೆ ಕಾಯಲು ನಿಂತಿದ್ದ ಪೊಲೀಸರು ಬೇಗನೇ ಬಂದರು. ಬಂದವರಲ್ಲಿ ಒಬ್ಬರು, "ಅಲ್ಲೇ ಕೊಡ್ರಿ" ಅಂದಿದ್ದ ಅದೇ ಪೊಲೀಸಪ್ಪ. ಕಾಕಾ ಏನೂ ಮಾತಾಡದೆ ಟ್ರಂಕಿನಿಂದ ಆದೇಶ ತೆಗೆದು ಕೈಗೆ ಕೊಟ್ಟರು. ಆತ ಮೊಬೈಲ್ ಟಾರ್ಚ್ ಹಾಕಿ ಮೊದಲು ಕೋರ್ಟಿನ ಶಿಕ್ಕೆ ನೋಡಿದ, ಆಮೇಲೆ ಓದಿದ, ಆಮೇಲೆ ಅಳಿಯನ ಕಡೆ ತಿರುಗಿದ. "ಏನಲೇ, ಇದರ ಕಾಪಿ ನಿನಗ ಮುಟ್ಟೇತಿಲ್ಲ?" ಮುಟ್ಟಿತ್ತು. "ಹಂಗಾರ ಗಾಡಿ ಹತ್ತು." ಠಾಣೆ ಅದೇ, ಮನುಷ್ಯನೂ ಅವನೇ, ಬೈಗುಳವೂ ಮೊದಲಿನಷ್ಟೇ. ಆದರೆ ಈಗ ಅದು ಮನೆ ಜಗಳವಾಗಿ ಉಳಿದಿರಲಿಲ್ಲ.

ಆ ಅಕ್ಟೋಬರ್ 15ರಂದು ದಿಲ್ಲಿಯಲ್ಲಿ ಇನ್ನೊಂದು ತೀರ್ಪು ಬಂತು. ಸತೀಶ್ ಚಂದರ್ ಅಹೂಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬಾತ್ರಾ ತೀರ್ಪನ್ನು ತೆಗೆದುಹಾಕಿತು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿಕೊಂಡಿದ್ದರೆ ವಾಸದ ಹಕ್ಕು ಕೇಳಬಹುದು. ಹಿರಿಯರ ನೆಮ್ಮದಿಯನ್ನೂ ಕೋರ್ಟು ನೋಡಬೇಕು ಅಂತಲೂ ಹೇಳಿತ್ತು. ವಕೀಲೆ ತಾವೇ ಫೋನು ಮಾಡಿದರು.

ಬಡಿದ ಮನೆಗೆ ಮತ್ತೆ ಯಾಕೆ ಹೋಗಬೇಕು ಅಂತ ನಾನೇ ಕೇಳಿದ್ದೆ. "ಅಕ್ಕಾ, ಇಲ್ಲಿ ನಾ ತಂಗಿ, ನಾದಿನಿ. ಎಷ್ಟ ದಿನಾಂತ? ಅಲ್ಲಿ ನನ್ನ ಹೊಲಿಗಿ ಮಷೀನ ಐತಿ, ಮಗಳ ಸಾಲಿ ಐತಿ."

2021ರ ಮಳೆಗಾಲ ಮುಗಿಯುವ ಹೊತ್ತಿಗೆ ವಾಸದ ಆದೇಶ ಹಿಡಿದು ಪೊಲೀಸರ ಸಮಕ್ಷಮ ಗಂಡನ ಮನೆಗೆ ಹೋದೆವು. ಕೋರ್ಟು ಕೊಟ್ಟಿದ್ದು ಹಿಂದಿನ ಒಂದು ಖೋಲಿ, ಒಲೆಗೆ ಪ್ರತ್ಯೇಕ ಜಾಗ. ಅತ್ತೆ ಕಟ್ಟೆಯಿಂದ ಏಳಲಿಲ್ಲ, "ಮನಿ ನನ್ನ ಹೆಸರ್ಲೆ ಐತಿ" ಅನ್ನುತ್ತಲೇ ಇದ್ದಳು. ಮಹಿಳಾ ಪೇದೆ ಪಟ್ಟಿ ಹಿಡಿದು ಓದಿದಳು: ಟಿಜೋರಿ ಒಂದು, ಬೋರಮಾಳ ಒಂದು, ಹಿತ್ತಾಳೆ ಕೊಡ ಎರಡು, ಹೊಲಿಗೆ ಯಂತ್ರ ಒಂದು. ಬೋರಮಾಳ ಸಿಗಲಿಲ್ಲ, ಗಿರವಿ ಇಟ್ಟಿದ್ದರಂತೆ. ಅದನ್ನೂ ಬರೆದುಕೊಂಡರು.

ಮೂಲ ಅರ್ಜಿಯನ್ನು 60 ದಿನದೊಳಗೆ ಮುಗಿಸಲು ಯತ್ನಿಸಬೇಕು ಅಂತ ಕಾನೂನಿನಲ್ಲಿದೆ. ಮುಗಿಯಲಿಕ್ಕೆ ವರ್ಷಗಳೇ ಹಿಡಿದವು. ಈಗ ಆಕೆ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾಳೆ. ಗಂಡ ಮುಂದಿನ ಮನೆಯಲ್ಲಿದ್ದಾನೆ, ಖೋಲಿಯ ಕಡೆ ಬರುವುದಿಲ್ಲ, ಖರ್ಚಿನ ದುಡ್ಡು ತಡಮಾಡುತ್ತಾನೆ. ಮೊನ್ನೆ ಗದಗಿಗೆ ಬಂದಿದ್ದಳು, ಬಾಕಿ ವಸೂಲಿಗೆ ಅರ್ಜಿ ಹಾಕಲಿಕ್ಕೆ. ಅರ್ಜಿ ತಾನೇ ಬರೆದು ತಂದಿದ್ದಳು. ವಕೀಲೆ ಒಂದು ಕಡೆ ತಾರೀಖು ತಿದ್ದಿ, ಕೆಳಗೆ ಸಹಿ ಮಾಡು ಅಂದರು.