ಪೈಲಟ್ ಆಗಬೇಕೆಂಬ ಹುಡುಗನೂ ಕೋರ್ಟಿನ ಕೇಸೂ

ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಟಪಾಲು ಹೊತ್ತು ಬಂದಿಳಿದ ಜುಹು, ನಮ್ಮ ದಾದರಿಗೆ ದೂರವೇನಲ್ಲ. ಇಲ್ಲಿಯ ಹುಡುಗರಿಗೆ ಪೈಲಟ್ ಆಗುವ ಆಸೆ ಹುಟ್ಟಿದರೆ ಸೋಜಿಗವಿಲ್ಲ. ನಮ್ಮ ಚಾಳಿನ ಹುಡುಗನೊಬ್ಬನಿಗೂ ಹುಟ್ಟಿದೆ. ಫೀಸಿಗಾಗಿ ತಂದೆ ಊರಿನ ಗದ್ದೆ ಅಡವಿಡಲು ಹೊರಟಿದ್ದಾರೆ. ಆದರೆ ಕಾಲೇಜಿನ ಹೊಡೆದಾಟದ ಕೇಸೊಂದು ಕೋರ್ಟಿನಲ್ಲಿ ಬಾಕಿಯಿದೆ. “ಫಾರಮಿನಲ್ಲಿ ಬರೆಯದಿದ್ದರಾಯಿತು, ಯಾರಿಗೆ ತಿಳಿದೀತು?” ಎಂದು ಹಿರಿಯರೊಬ್ಬರು ಉಪದೇಶಿಸಿದರು. ನಮಗದು ಸರಿದೋರಲಿಲ್ಲ.

200 ಗಂಟೆ ಹಾರಿ, ಪರೀಕ್ಷೆಯಲ್ಲೂ ವೈದ್ಯರ ತಪಾಸಣೆಯಲ್ಲೂ ಪಾಸಾದರಷ್ಟೇ ಸಾಲದು. ವಿಮಾನ ನಿಲ್ದಾಣದ ಪ್ರವೇಶಪತ್ರಕ್ಕೆ ಪೂರ್ವಾಪರದ ವಿಚಾರಣೆಯುಂಟು. ಕೇಸು ಬಾಕಿಯಿದ್ದರೆ 1967ರ ಕಾಯಿದೆಯಂತೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೋರ್ಟಿನ ಅನುಮತಿ ತಂದವರಿಗೆ 1993ರ ಅಧಿಸೂಚನೆ ದಾರಿ ಬಿಟ್ಟಿದೆ.

ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾದ ನಾವು ಫಾರಮುಗಳ ಗುಣ ಬಲ್ಲೆವು. ಕೇಸನ್ನು ಮುಚ್ಚಿಟ್ಟರೆ ಸಿಕ್ಕ ನೌಕರಿಯೂ ಹೋಗಬಹುದು; ಆದರೆ ಎಳೆವಯಸ್ಸಿನ ಸಣ್ಣ ತಪ್ಪನ್ನು ನೌಕರಿ ಕೊಡುವವರು ಮನ್ನಿಸಲೂಬಹುದು. 2016ರಲ್ಲಿ ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದರ ಸಾರವೂ ಇದೇ.

ಹುಡುಗನಿಗೆ ನಾವು ಹೇಳಿದ್ದಿಷ್ಟೆ: “ಮೊದಲು ವಕೀಲರನ್ನು ಕಂಡು ಕೇಸು ಮುಗಿಸಿಕೊಳ್ಳಪ್ಪ. ಕೇಳಿದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆ. ಗದ್ದೆಯ ಮಾತು ಆಮೇಲೆ.”